‘ನಾನು’ ಅಂದರೆ ತೆಗೆಯದ ಬಾಗಿಲು

ಗುರುಪಾದಸ್ವಾಮಿಯವರ ಬಾಗಿಲು ತಟ್ಟಿದರೆ ಒಳಗಿನಿಂದ ‘ಯಾರು?’ ಎಂಬ ಪ್ರಶ್ನೆ ಬರುತ್ತದೆ. ಲೋಕದ ಸಮಸ್ತರೂ ಕೊಡುವ ಹಾಗೆ ‘ನಾನೇ ಕಣ್ರಿ’ ಎಂದು ಉತ್ತರ ಕೊಟ್ಟವರು ಹೊಸ್ತಿಲ ಆಚೆಯೇ ನಿಂತಿರಬೇಕು. ‘ನಾನು ಅಂದ್ರೆ ಯಾರು? ಇತ್ಲಾಗೆ ನಾನೂ ನಾನೇ’ ಎಂಬ ಮಾತು ಒಂದಿಷ್ಟೂ ಅವಸರವಿಲ್ಲದೆ ತೇಲಿ ಬರುತ್ತದೆ. ಕಿಟಕಿಯಲ್ಲಿ ಮುಖ ಕಾಣುತ್ತಿರಲಿ, ದನಿ ಮೂವತ್ತು ವರ್ಷದಿಂದ ಕೇಳಿದ್ದೇ ಆಗಿರಲಿ, ಹೆಸರೂ ಊರೂ ಹೇಳದ ಹೊರತು ಆ ಅಗುಳಿ ಅಲುಗುವುದಿಲ್ಲ. ಅವರ ಒಡಹುಟ್ಟಿದ ತಂಗಿ ಮಹಾದೇವಮ್ಮ ಯುಗಾದಿಯ ಮಾರನೆಯ ದಿನ ಬಿಸಿ ಒಬ್ಬಟ್ಟಿನ ಡಬ್ಬಿ ಹಿಡಿದು ಬಂದಾಗಲೂ ತನ್ನ ಹೆಸರನ್ನು, ಕೊಟ್ಟ ಮನೆಯ ಊರನ್ನು ಬೀದಿಗೆಲ್ಲ ಕೇಳುವ ಹಾಗೆ ಒಪ್ಪಿಸಿಯೇ ಒಳಗೆ ಹೋದವಳು. ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡು ಹುಟ್ಟಿದ ನನ್ನಂಥವನಿಗೆ ಇದು ಎಂಥ ಶಿಕ್ಷೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಜೀಪಿನ ಇಂಜಿನ್ ಗುರುಗುಟ್ಟುತ್ತಿರುವಾಗ ಆ ಬಾಗಿಲ ಮುಂದೆ ನಿಂತು ನಾನು ಆಡಿರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಫೋನಿನಲ್ಲೂ ಇದೇ ಕತೆ. ‘ಹಲೋ, ನಾನು’ ಎಂದವರಿಗೆ ‘ಸಂತೋಷ, ಎಸ್ರು?’ ಎಂದು ಕೇಳಿ, ಉತ್ತರ ಬರುವ ತನಕ ಮೌನವಾಗಿ ಉಸಿರಾಡುತ್ತಿರುತ್ತಾರೆ.

ಅವರ ಊರು ಯಳಂದೂರು; ಆದರೆ ಮೂವತ್ತು ವರ್ಷದ ದುಡಿಮೆಯೆಲ್ಲ ಕೊಳ್ಳೇಗಾಲದ ರೇಷ್ಮೆ ಮಗ್ಗಗಳ ನಡುವೆ. ಬೇಸಿಗೆ ಚಳಿ ಎನ್ನದೆ ಮೈಮೇಲಿರುವ ಬೂದಿ ಬಣ್ಣದ ಅರ್ಧ ತೋಳಿನ ಕೋಟು ಆ ಕಾಲದ್ದು. ಅದರ ಉದ್ದ ಜೇಬಿನಲ್ಲಿ ಮೊದಲು ಮಗ್ಗದ ಕೊಕ್ಕೆ ಇರುತ್ತಿತ್ತು. ಈಗ ಅದೇ ಜೇಬಿನಲ್ಲಿ ಒಂದು ಪೆನ್‌ಡ್ರೈವ್, ಹುರಿ ಮಾಡಿದ ರೇಷ್ಮೆ ದಾರದಲ್ಲಿ ಗುಂಡಿಯ ತೂತಿಗೆ ಬಿಗಿದು, ಎದೆಬಡಿತದ ಪಕ್ಕದಲ್ಲೇ ತೂಗುತ್ತದೆ. ಮಗ್ಗದ ಮನೆಗಳಲ್ಲಿ ಒಂದು ಮಗ್ಗಕ್ಕೂ ಇನ್ನೊಂದಕ್ಕೂ ನಡುವೆ ಗೇಣು ಜಾಗ ಇರುವುದಿಲ್ಲವಾಗಿ ಓರೆಯಾಗಿ ನಡೆದೂ ನಡೆದೂ ಅವರ ನಡಿಗೆ ಹಾಗೆಯೇ ಉಳಿದುಬಿಟ್ಟಿದೆ. ಹನೂರಿನ ಅಗಲವಾದ ರಸ್ತೆಯಲ್ಲಿ ನಾಲ್ಕು ಲಾರಿ ಸಾಲಾಗಿ ಹೋಗುವಷ್ಟು ಬಯಲಿದ್ದರೂ ಗುರುಪಾದಸ್ವಾಮಿಯವರು ಎಡಭುಜ ಮುಂದು ಮಾಡಿ, ಕಾಣದ ಯಾವುದೋ ಮಗ್ಗಕ್ಕೆ ತಾಗದ ಹಾಗೆ, ಮೈ ಹಿಡಿ ಮಾಡಿಕೊಂಡು ಸಾಗುತ್ತಾರೆ. ದೂರದಿಂದ ನೋಡಿದವರಿಗೆ ಕೋಟೊಂದು ತಾನಾಗಿ ಅಡ್ಡಡ್ಡಲಾಗಿ ಬರುತ್ತಿರುವಂತೆ ತೋರುತ್ತದೆ.

ಸೀರೆಯ ಸೆರಗಿಗೆ ಚಿತ್ರ ಬರಬೇಕಾದರೆ ಮಗ್ಗಕ್ಕೆ ಹಾಕುವ ರಟ್ಟಿನ ಅಟ್ಟೆಗಳಿಗೆ ಲೆಕ್ಕ ತಪ್ಪದಂತೆ ತೂತು ಹೊಡೆಯಬೇಕು. ಜಕಾರ್ಡ್ ಮಗ್ಗದ ಆ ಕೆಲಸದಲ್ಲಿ ಅವರ ಕೈ ಹೆಸರುವಾಸಿ. ಒಮ್ಮೆ ಒಂದೇ ಒಂದು ತೂತು ಪಕ್ಕಕ್ಕೆ ಸರಿದು, ಸೆರಗಿನ ಹಂಸಗಳಲ್ಲೊಂದಕ್ಕೆ ಮೂರನೆಯ ಕಾಲು ಮೂಡಿತಂತೆ. ಹೋಗಲಿ ಬಿಡಿ, ಹಂಸದ ಕಾಲನ್ನು ಯಾರು ಎಣಿಸುತ್ತಾರೆ ಎಂದರಂತೆ ಮಗ್ಗದ ಯಜಮಾನರು. ‘ಉಡೋಳು ಎಣಿಸ್ತಾಳೆ’ ಎಂದವರೇ ಗುರುಪಾದಸ್ವಾಮಿ ಅಟ್ಟೆ ಬಿಚ್ಚಿ ಎರಡು ದಿನ ಕೂತು ಹೊಸದಾಗಿ ತೂತು ಹೊಡೆದರು. ಮುಂದೆ ಅಟ್ಟೆ ಹೋಗಿ ಕಂಪ್ಯೂಟರಿನ ಪೆಟ್ಟಿಗೆ ಮಗ್ಗದ ತಲೆಯ ಮೇಲೆ ಕೂತಾಗ ಉಳಿದವರು ಗೊಣಗುತ್ತ ದೂರ ಸರಿದರು. ಇವರು ಮಾತ್ರ, ತೂತಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ, ಇಷ್ಟೇ ತಾನೆ ಎಂದು ಆ ಪೆಟ್ಟಿಗೆಯ ಒಳಹೊಕ್ಕು ಇನ್ನೊಂದು ಕಡೆಯಿಂದ ಕಂಪ್ಯೂಟರ್ ಬಲ್ಲವರಾಗಿ ಹೊರಬಂದರು. ಹೀಗೆ ಐವತ್ತೈದು ದಾಟಿದ ಮೇಲೆ ನಮ್ಮ ಚಾಕಿ ಸಂಘದ ಕಂಪ್ಯೂಟರಿಗೆ ಅವರು ಕಾವಲಾದರು. ನಾನು ಆ ಸಂಘದ ಜೀಪು ಓಡಿಸುವವನು.

ನಮ್ಮ ಸಂಘದ ಕೆಲಸ ಇಷ್ಟು: ರೇಷ್ಮೆ ಮೊಟ್ಟೆಯೊಡೆದು ಬಂದ ಇರುವೆಯಷ್ಟು ಸಣ್ಣ ಹುಳುವನ್ನು ಎರಡು ಜ್ವರ ದಾಟುವ ತನಕ ಸಾಕಿ ರೈತರಿಗೆ ಒಪ್ಪಿಸುವುದು, ಅದೇ ಚಾಕಿ. ಹುಳು ಪೊರೆ ಕಳಚಲು ಮೇವು ಬಿಟ್ಟು ತಲೆಯೆತ್ತಿ ಕೂರುವ ನಿದ್ದೆಗೆ ನಮ್ಮಲ್ಲಿ ಜ್ವರ ಎಂದೇ ಹೆಸರು. ಕೊಳ್ಳೇಗಾಲದಲ್ಲಿ ಕಚೇರಿ, ಹನೂರು, ಯಳಂದೂರು, ಸತ್ತೇಗಾಲ, ಕಾಡಂಚಿನ ರಾಮಾಪುರಗಳಲ್ಲಿ ಒಂದೊಂದು ಕೇಂದ್ರ. ಹುಳುವಿನ ಹುಟ್ಟಿದ ದಿನವೆಂದೇ ಎಣಿಸುವ ಮೊದಲ ಸೊಪ್ಪಿನ ದಿನ, ಕೋಣೆಯ ಶಾಖ, ಜ್ವರಕ್ಕೆ ಕೂತ ಹೊತ್ತು, ಎಲ್ಲವನ್ನೂ ಕೇಂದ್ರದವರು ಟ್ಯಾಬಿನಲ್ಲಿ ಒತ್ತಿದರೆ ಕೊಳ್ಳೇಗಾಲದ ಕಂಪ್ಯೂಟರಿನಲ್ಲಿ ಮೂಡಬೇಕು. ಮೊದಲು ಇದನ್ನು ಕಟ್ಟಿಕೊಟ್ಟು ಹೋದವರು ಲೆಕ್ಕ ಸಾಗುವ ದಾರಿಯನ್ನು ಬಟಾಬಯಲು ಬಿಟ್ಟು ಹೋಗಿದ್ದರು. ಟ್ಯಾಬು ತೆರೆದ ಕೂಡಲೇ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತಿತ್ತು. ಕೇಂದ್ರದ ಹೆಂಗಸರು ಬೆಳಿಗ್ಗೆ ಎದ್ದು ಮುಖ ತೊಳೆದಷ್ಟೇ ಸಹಜವಾಗಿ ಅದನ್ನು ಒತ್ತಿ ಸರಿಸಿ ಮುಂದೆ ಹೋಗುತ್ತಿದ್ದರು.

ಗುರುಪಾದಸ್ವಾಮಿಯವರು ಇದನ್ನು ಮೊದಲ ಸಲ ಕಂಡ ದಿನ ಊಟ ಮಾಡಲಿಲ್ಲ. ಹುಳುವಿನ ಲೆಕ್ಕವನ್ನು ಕದ್ದು ಯಾರು ಏನು ಬಾಚಿಕೊಳ್ಳುತ್ತಾರೆ ಎಂದು ನಾನು ರೇಗಿದರೆ ಅವರು ಕೊಟ್ಟ ಉತ್ತರ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ತಲೆಯಲ್ಲೂ ಅಚ್ಚಾಗಿ ಉಳಿದಿದೆ: ‘ನಮ್ಮಟ್ಟಿ ಬಾಗಲಲ್ಲಿ ಎಚ್ಚರಿಕೆ ತುಳ್ಕಂಡು ಬರದ ಕಲ್ತೋರು, ನಾಳೆ ಬ್ಯಾಂಕಿನ ಬಾಗಲಲ್ಲೂ ತುಳೀತಾರೆ ಕಣ್ಲಾ. ಕಲಿಸ್ದೋರು ನಾವಾಯ್ತೀವಿ.’

ಕಾರ್ಯದರ್ಶಿ ಕುಮಾರಸ್ವಾಮಿಯವರಿಗೆ ಇದನ್ನು ಮನದಟ್ಟು ಮಾಡಿಸಿದ ಬಗೆಯೂ ಅವರದೇ. ಕಚೇರಿಯೆದುರಿನ ಹೋಟೆಲಿನಲ್ಲಿ ಗಿರಾಕಿಗಳಿಗೆಂದು ಬಿಟ್ಟಿ ವೈಫೈ ಇಟ್ಟಿದ್ದರು. ಇವತ್ತು ಅಲ್ಲಿಂದಲೇ ಸಂಘದ ಲೆಕ್ಕ ತೆರೆಯಿರಿ, ಏನಾಗುತ್ತದೋ ತೋರಿಸುತ್ತೇನೆ ಎಂದು ಹೇಳಿ ಕರೆದುಕೊಂಡು ಹೋದರು. ಕಾರ್ಯದರ್ಶಿಗಳು ಒಂದು ಮೇಜಿನಲ್ಲಿ ಕೂತು ಗತ್ತಿನಿಂದ ಟ್ಯಾಬು ತೆರೆದರು. ಇವರು ಪಕ್ಕದ ಮೇಜಿನಲ್ಲಿ ಹಳೆಯ ಲ್ಯಾಪ್‌ಟಾಪು ಬಿಚ್ಚಿ ಕೂತರು. ವಡೆ ಬರುವಷ್ಟರಲ್ಲಿ ಕಾರ್ಯದರ್ಶಿಗಳು ಗುಟ್ಟಾಗಿ ಒತ್ತಿದ ಪಾಸ್‌ವರ್ಡು ಇವರ ಲ್ಯಾಪ್‌ಟಾಪಿನಲ್ಲಿ ಅಕ್ಷರಕ್ಕೆ ಅಕ್ಷರ ಮೂಡಿತ್ತು. ಬೇರೆ ಯಾರಾದರೂ ಆಗಿದ್ದರೆ ಹೋಟೆಲಿಗೆಲ್ಲ ಕೂಗಿ ಹೇಳುತ್ತಿದ್ದರು, ನಾನಂತೂ ಖಂಡಿತ ಹೇಳುತ್ತಿದ್ದೆ. ಅವರು ಚೀಟಿಯಲ್ಲಿ ಬರೆದು, ಮಡಿಸಿ, ವಡೆಯ ತಟ್ಟೆಯ ಕೆಳಗೆ ಸರಿಸಿದರು. ಕಾರ್ಯದರ್ಶಿಗಳು ಓದಿದರು, ಕಿವಿಯ ತನಕ ಕೆಂಪಾದರು, ಚೀಟಿಯನ್ನು ಚೂರು ಚೂರು ಮಾಡಿ ಕಾಫಿಯ ಲೋಟಕ್ಕೆ ಹಾಕಿದರು. ಆ ಪಾಸ್‌ವರ್ಡು ಏನಿತ್ತೆಂದು ಎರಡು ವರ್ಷದಿಂದ ಪೀಡಿಸಿದರೂ ಗುರುಪಾದಸ್ವಾಮಿಯವರು ನನಗೆ ಹೇಳಿಲ್ಲ.

ಆದರೆ ಕಾರ್ಯದರ್ಶಿಗಳ ಭಯ ಬೇರೊಂದು ದಾರಿ ಹಿಡಿಯಿತು. ಕಮಿಟಿ ಕೂಡಿಸಿದರು, ದಾರಿ ಭದ್ರವಾಗದ ಹೊರತು ಹೊರಗಿನ ಟ್ಯಾಬುಗಳೆಲ್ಲ ಬಂದ್, ಬರವಣಿಗೆ ಏನಿದ್ದರೂ ಕೊಳ್ಳೇಗಾಲದಲ್ಲೇ ಎಂದು ತೀರ್ಮಾನವಾಯಿತು. ಹನೂರು, ಯಳಂದೂರು, ಸತ್ತೇಗಾಲದವರು ದಿನಾ ಬಸ್ಸಿನಲ್ಲಿ ಬಂದು ಬರೆದು ಹೋದಾರು. ಅಷ್ಟು ದೂರದ ರಾಮಾಪುರದಿಂದ ದಿನಾ ಅದು ಆಗದ ಮಾತು. ಆದ್ದರಿಂದ ತಿಂಗಳೊಳಗೆ ಭದ್ರವಾದ ಟ್ಯಾಬು ಅಲ್ಲಿ ಕಣ್ಣೆದುರು ತೆರೆಯದಿದ್ದರೆ ರಾಮಾಪುರದ ಕೇಂದ್ರ ಮುಚ್ಚುವುದೆಂದು ನಿರ್ಣಯ ಬರೆದರು. ಮುಚ್ಚಿದರೆ ಆ ಕಡೆಯ ರೈತರು ಎಳೆಹುಳುವಿನ ತಟ್ಟೆಯನ್ನು ಕೊಳ್ಳೇಗಾಲದಿಂದ ಬಸ್ಸಿನ ಸೆಕೆಯಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋಗಬೇಕು, ಊರು ಮುಟ್ಟುವಷ್ಟರಲ್ಲಿ ಅರ್ಧ ಹುಳು ಬಾಡಿರುತ್ತದೆ. ಹನ್ನೊಂದು ವರ್ಷದಿಂದ ಆ ಕೇಂದ್ರವನ್ನು ಕಣ್ಣರೆಪ್ಪೆಯ ಹಾಗೆ ಕಾದ ಪುಟ್ಟಬಸಮ್ಮ ಅಲ್ಲಿಗೆ ಮನೆಗೆ ಹೋಗಬೇಕು. ನಿರ್ಣಯ ಕೇಳಿ ಆಕೆ ಅಳಲಿಲ್ಲ. ಗುರುಪಾದಸ್ವಾಮಿಯವರಿಗೆ ಫೋನು ಮಾಡಿ, ಹೆಸರು ಊರು ಹೇಳಿ, ಆಗುತ್ತದೆಯೋ ಇಲ್ಲವೋ ಎಂದು ಕೇಳಿದಳು. ಆಗುತ್ತದೆ ಎಂದು ಇವರು ಮಾತು ಕೊಟ್ಟರು.

ಆಮೇಲಿನ ಮೂರು ವಾರ ನನ್ನ ಜೀಪಿನ ಚಕ್ರ ನಿಲ್ಲಲಿಲ್ಲ. ವಿಳಾಸದ ಮೊದಲಲ್ಲಿ ಒಂದೇ ಒಂದು ಎಸ್ ಅಕ್ಷರ ಸೇರಿಸಿ ಎಚ್‌ಟಿಟಿಪಿಯನ್ನು ಎಚ್‌ಟಿಟಿಪಿಎಸ್ ಮಾಡುವುದಕ್ಕೆ ಇಷ್ಟು ಡೀಸೆಲ್ಲೇ ಎಂದು ನಾನು ಗೊಣಗಿದರೆ, ಅವರು ಓರೆಯಾಗಿ ಕೂತು ವಿವರಿಸುತ್ತಿದ್ದರು. ಕೊಳ್ಳೇಗಾಲದ ಕಂಪ್ಯೂಟರಿಗೆ ಒಂದು ಸರ್ಟಿಫಿಕೇಟು, ಅಂದರೆ ಗುರುತಿನ ಚೀಟಿ. ಅದರ ಮೇಲೆ ಸಂಘದ ಮುದ್ರೆ. ಆ ಮುದ್ರೆ ಯಾವುದೆಂದು ಪ್ರತಿ ಟ್ಯಾಬಿಗೂ ಮೊದಲೇ ಪರಿಚಯ ಮಾಡಿಸಿರಬೇಕು. ಟ್ಯಾಬು ‘ಯಾರು?’ ಎನ್ನುತ್ತದೆ, ಕಂಪ್ಯೂಟರು ಚೀಟಿ ತೋರಿಸುತ್ತದೆ, ಹೆಸರು ಮುದ್ರೆ ತಾರೀಕು ಮೂರೂ ಹೊಂದಿದರೆ ಮಾತ್ರ ಬಾಗಿಲು. ಆಮೇಲೆ ಅವರಿಬ್ಬರ ಮಾತು ನಡುವೆ ನಿಂತ ಯಾರಿಗೂ ತಿಳಿಯದು. ಮುದ್ರೆಯ ಕೀಲಿ ಇರುವುದು ಕೋಟಿನ ಪೆನ್‌ಡ್ರೈವಿನಲ್ಲಿ. ಎಚ್ಚರಿಕೆ ಬಂದರೆ ಒತ್ತಿ ಸರಿಸುವ ಗುಂಡಿಯೇ ಕಾಣದ ಹಾಗೆಯೂ ಟ್ಯಾಬುಗಳಿಗೆ ಕಟ್ಟು ಮಾಡಿದರು. ನನಗೆ ನಗು ತಡೆಯಲಾಗಲಿಲ್ಲ. ಈ ಮನುಷ್ಯ ತನ್ನ ಮನೆಯ ಬಾಗಿಲ ಹಟವನ್ನು ನಾಲ್ಕು ಊರಿನ ಟ್ಯಾಬುಗಳಿಗೆ ಕಲಿಸಿ ಬಂದಿದ್ದರು.

ಇದನ್ನು ಒಂದೇ ಸಲಕ್ಕೆ ತಿಳಿದುಕೊಂಡವಳು ಪುಟ್ಟಬಸಮ್ಮ. ಹುಳುಮನೆಯ ಹೊಸ್ತಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಗೋಣಿ ಹಾಸಿ, ಬಂದವರು ಊರ ಗೌಡನಾಗಲಿ ಗಂಡನಾಗಲಿ ಕಾಲು ಅದ್ದಿ ಕೈ ತೊಳೆಯದೆ ಒಳಗಿಲ್ಲ ಎನ್ನುವವಳು ಆಕೆ. ‘ಉಳಿನ್ ಮನೆಗೆ ರೋಗ ಬರದು ನಂಟರ ಕಾಲಲ್ಲೇ ಅಲ್ವಾ ಸ್ವಾಮಿಯೋರೆ, ಇದೂ ಅಂಗೇಯ’ ಎಂದಳು. ಗುರುಪಾದಸ್ವಾಮಿಯವರು ಅಂದು ಹಿಂತಿರುಗುವಾಗ ದಾರಿಯುದ್ದಕ್ಕೂ ಆ ಮಾತನ್ನೇ ತಿರುಗಿ ತಿರುಗಿ ಹೇಳಿಕೊಂಡು ತಲೆದೂಗಿದರು.

ಕಂಪ್ಯೂಟರಿಗೆ ಗುರುತಿನ ಚೀಟಿ ಬರೆದು ಕೊಡಲು ಅವರು ಆರಿಸಿಕೊಂಡದ್ದು ಅಮಾವಾಸ್ಯೆಯ ಮಧ್ಯಾಹ್ನ. ಆ ದಿನ ನಮ್ಮಲ್ಲಿ ಯಾರೂ ಹೊಸ ಕೆಲಸಕ್ಕೆ ಕೈ ಹಾಕುವುದಿಲ್ಲವಾಗಿ ಕಚೇರಿ ಬಣಬಣ, ಕೆಲಸಕ್ಕೆ ಹೇಳಿಮಾಡಿಸಿದ ನೆಮ್ಮದಿ. ಕಮಿಟಿಯೂ ಅದೇ ಕಾರಣಕ್ಕೆ ಪರೀಕ್ಷೆಯನ್ನು ಮಾರನೆಯ ದಿನಕ್ಕೆ ಇಟ್ಟಿತ್ತು.

ಮಾರನೆಯ ದಿನ ಹೊರಟೆವು: ಕುಮಾರಸ್ವಾಮಿಯವರು, ಕಮಿಟಿಯ ಪರವಾಗಿ ಸತ್ತೇಗಾಲದ ರೈತ ಶಿವನಂಜಯ್ಯ, ಹಿಂದೆ ಓರೆಯಾಗಿ ಗುರುಪಾದಸ್ವಾಮಿ. ಯಳಂದೂರು, ಸತ್ತೇಗಾಲಗಳಿಂದ ಟ್ಯಾಬು ತೆರೆಯಿತೆಂದು ಫೋನು ಬಂದಿತ್ತು. ಹನೂರಿನಲ್ಲಿ ಕಣ್ಣಾರೆ ಕಂಡೆವು. ವಿಳಾಸದ ಪಕ್ಕ ಪುಟಾಣಿ ಬೀಗ, ಎಚ್ಚರಿಕೆಯ ಸುಳಿವಿಲ್ಲ. ಜೀಪಿನಲ್ಲಿ ಹಾಡು ಹಾಕಲು ಕಾರ್ಯದರ್ಶಿಗಳೇ ಹೇಳಿದರು. ರಾಮಾಪುರದಲ್ಲಿ ಇಳಿದು, ಗೋಣಿಯಲ್ಲಿ ಕಾಲದ್ದಿ, ಸಾಲಾಗಿ ನಿಂತೆವು. ಪುಟ್ಟಬಸಮ್ಮ ಕೈ ಒರೆಸಿಕೊಂಡು ಟ್ಯಾಬು ಒತ್ತಿದಳು.

ಕೆಂಪು ಗುರುತು ಬಂತು. ಸಂಪರ್ಕ ಖಾಸಗಿಯಲ್ಲ, ತೆರೆಯುವುದಿಲ್ಲ. ಮತ್ತೆ ಒತ್ತಿದಳು, ಮತ್ತೆ ಅದೇ. ಹತ್ತು ಸಲ ಒತ್ತಿದಳು. ಆಕೆಯ ಬೆರಳ ತುದಿಯ ಸುಣ್ಣ ಗಾಜಿನ ಮೇಲೆ ಬಿಳಿ ಬಿಳಿಯಾಗಿ ಮೆತ್ತಿತು. ಕಾರ್ಯದರ್ಶಿಗಳು ಕೆಟ್ಟವರಲ್ಲ, ಬೀಗವನ್ನು ಇವತ್ತೊಂದು ದಿನ ಸಡಿಲಿಸಿ, ತೆರೆದದ್ದನ್ನು ನೋಡಿದೆವೆಂದು ಬರೆದುಕೊಂಡು ಹೋಗುತ್ತೇವೆ, ಆಮೇಲೆ ಬಿಗಿ ಮಾಡಿಕೊಳ್ಳಿ ಎಂದರು. ಕಚೇರಿಗೆ ಒಂದು ಫೋನು ಮಾಡಿದರೆ ಆಗುವ ಕೆಲಸ. ಗುರುಪಾದಸ್ವಾಮಿಯವರು ತಲೆಯಾಡಿಸಿದರು. ನನಗೆ ನೆತ್ತಿಗೇರಿತು.

‘ಈಯಮ್ಮನ ಅನ್ನವೇ ಓಯ್ತದೆ, ನಿಮಗೆ ಬೀಗ ಎಚ್ಚಾಯ್ತಾ ಸ್ವಾಮಿಯೋರೆ?’ ಎಂದು ಹುಳುಮನೆ ಎಂಬುದನ್ನೂ ಮರೆತು ಕೂಗಿದೆ.

ಅವರ ದನಿ ಏರಲಿಲ್ಲ. ‘ಟ್ಯಾಬು ಸುಳ್ಳೇಳ್ತಾ ಇಲ್ಲ ಕಣ್ಲಾ ಮಾದಸ್ವಾಮಿ. ಅದುಕ್ಕೆ ಏನೋ ಕಾಣ್ತಾ ಅದೆ, ನಮಗೆ ಕಾಣ್ತಾ ಇಲ್ಲ, ಅಷ್ಟೇ.’

ಟ್ಯಾಬನ್ನು ಕೈಗೆ ತೆಗೆದುಕೊಂಡು ಸುಣ್ಣವನ್ನು ಕೋಟಿನ ತುದಿಯಲ್ಲಿ ಒರೆಸಿದರು. ಮೂಲೆಯನ್ನೇ ದಿಟ್ಟಿಸಿದರು, ಆಮೇಲೆ ಗೋಡೆಯ ಕ್ಯಾಲೆಂಡರನ್ನು. ಪುಟ್ಟಬಸಮ್ಮ ಕಳೆದ ದಿನಗಳಿಗೆಲ್ಲ ಅಡ್ಡಗೆರೆ ಎಳೆಯುವವಳು. ಗೆರೆ ನಿನ್ನೆಯ ಅಮಾವಾಸ್ಯೆಯ ತನಕ ಬಂದಿತ್ತು. ಟ್ಯಾಬಿನ ಮೂಲೆಯಲ್ಲಿ ಮಾತ್ರ ಇನ್ನೂ ಮೊನ್ನೆಯ ತಾರೀಕು. ಅಂದರೆ ನಿನ್ನೆ ಹುಟ್ಟಿದ ಗುರುತಿನ ಚೀಟಿ ಆ ಟ್ಯಾಬಿನ ಪಾಲಿಗೆ ಇನ್ನೂ ಹುಟ್ಟಿಯೇ ಇಲ್ಲ.

ಕಾರ್ಯದರ್ಶಿಗಳ ಕಡೆ ತಿರುಗಿ, ಹುಳು ನೋಡಿ ಬರುವಿರಂತೆ, ಹಿತ್ತಲ ನಲ್ಲಿಯಲ್ಲಿ ಇನ್ನೊಮ್ಮೆ ಕೈಕಾಲು ತೊಳೆದುಕೊಂಡು ಬನ್ನಿ ಎಂದು ಅವರನ್ನೂ ಶಿವನಂಜಯ್ಯನವರನ್ನೂ ಆಚೆ ಕಳಿಸಿದರು. ನಾನು ಕದಲಲಿಲ್ಲ. ಆಮೇಲೆ ಮೆಲ್ಲಗೆ, ತಾರೀಕು ಹಿಂದಕ್ಕೆ ಹೋದದ್ದು ಹೇಗವ್ವಾ ಎಂದು ಕೇಳಿದರು.

ಪುಟ್ಟಬಸಮ್ಮ ನೆಲ ನೋಡಿದಳು. ‘ಉಳ ಅಮಾಸೆ ದಿಸ್ವೇ ಆಚ್ಗ್ ಬಂದ್ಬುಟ್ವು. ಅವುಕ್ಕೇನ್ ಪಂಚಾಂಗ ಗೊತ್ತಾ? ಅಮಾಸೆ ಉಳ ಅಂತ ಬರ್ಕಂಡ್ರೆ ಯಾರ್ ಕೈ ಒಡ್ಡಾರು ಸ್ವಾಮಿಯೋರೆ. ಅದ್ಕೇ ಎರಡ್ ದಿಸ ಇಂದಕ್ಕೆ ತಿರುಗ್ಸಿ ತ್ರಯೋದಸಿ ಮಾಡ್ದಿ.’

ದಾರಿ ತೆರೆಯುವ ತನಕ ಬರೆದದ್ದು ಟ್ಯಾಬಿನೊಳಗೇ ಉಳಿದಿರುತ್ತದೆ. ತಾರೀಕಿನ ಜಾಗದಲ್ಲಿ ಟ್ಯಾಬಿನ ದಿನವೇ ತಾನಾಗಿ ಬಂದು ಕೂರುತ್ತದೆ, ಕೈಯಲ್ಲಿ ತಿದ್ದಲು ಬರುವುದಿಲ್ಲ. ಆದ್ದರಿಂದ ಆಕೆ ನಿನ್ನೆ ಬೆಳಿಗ್ಗೆ ಟ್ಯಾಬಿನ ಕಾಲವನ್ನೇ ಎರಡು ದಿನ ಹಿಂದಕ್ಕೆ ತಳ್ಳಿದ್ದಳು; ಒಂದು ರಾತ್ರಿ ಕಳೆದು ಅದೀಗ ಮೊನ್ನೆಗೆ ಬಂದಿತ್ತು. ಮತ್ತೆ ಸರಿಮಾಡಲಿಲ್ಲವೇಕೆ ಎಂದರೆ, ಮುಂದಕ್ಕೆ ತಿರುಗಿಸಿದರೆ ಹುಳುವಿನ ಹುಟ್ಟಿದ ದಿನವೂ ಅದರ ಜೊತೆ ತಿರುಗಿ ಅಮಾವಾಸ್ಯೆಗೆ ಬಂದು ಕೂತೀತೆಂಬ ಹೆದರಿಕೆ. ನಾನು ಬಾಯಿ ತೆರೆದೆ. ಗುರುಪಾದಸ್ವಾಮಿಯವರು ಕೈ ಎತ್ತಿದರು, ಮುಚ್ಚಿದೆ.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. ಕ್ಯಾಲೆಂಡರನ್ನು ಮೊಳೆಯಿಂದ ಇಳಿಸಿ, ಕನ್ನಡಕ ಹಣೆಗೇರಿಸಿ, ನಿನ್ನೆಯ ಚೌಕದಲ್ಲಿ ಎಳ್ಳುಕಾಳಿನಂಥ ಅಕ್ಷರಗಳನ್ನು ಬೆರಳಿಟ್ಟು ಓದಿದರು. ಅಮಾವಾಸ್ಯೆ ಬೆಳಿಗ್ಗೆ ಎಂಟು ಗಂಟೆ ಹನ್ನೆರಡು ನಿಮಿಷದವರೆಗೆ.

‘ಮೊದಲ ಸೊಪ್ಪು ಆಕುದ್ದು ಎಷ್ಟೊತ್ನಲ್ಲಿ?’

‘ಅತ್ತು ಗಂಟೆ ಆಗಿತ್ತು. ಸೊಪ್ಪು ತರಿದು ಮುಗಿಯಗಂಟ.’

‘ಅಂಗಾರೆ ಪಾಡ್ಯ ಕಣವ್ವ. ಅಮಾಸೆ ಎದ್ದು ಓಗಿ ಎರಡು ಗಂಟೆ ಆಗಿತ್ತು. ಸುಳ್ಳು ಬೇಕೇ ಇರ್ನಿಲ್ಲ, ನಿಜವೇ ನಿನ್ನ ಕಡೆಗಿತ್ತು.’

ಪುಟ್ಟಬಸಮ್ಮ ಕ್ಯಾಲೆಂಡರನ್ನು ಕಿತ್ತುಕೊಂಡು ತಾನೇ ಓದಿದಳು. ಓದಿ, ಸೆರಗು ಬಾಯಿಗೆ ಒತ್ತಿಕೊಂಡು, ಭುಜ ಕುಲುಕಿಸಿ ನಕ್ಕಳು. ಆ ನಗು ನನಗೂ ಅಂಟಿತು. ಟ್ಯಾಬಿನ ದಿನ ಸರಿಯಾಯಿತು. ಇನ್ನು ಮೇಲೆ ಕಾಲವನ್ನು ಅದೇ ನೆಟ್ಟಿನಿಂದ ತಂದುಕೊಳ್ಳುವ ಹಾಗೆ, ಕೈಯಲ್ಲಿ ತಿರುಗಿಸಲು ಬಾರದ ಹಾಗೆ ಕಟ್ಟು ಬಿತ್ತು. ಹಳೆಯ ಬರಹ ಹೊಡೆದು ನಿನ್ನೆಯ ನಿಜವಾದ ತಾರೀಕು ಬರೆಯುವ ಪುಟವನ್ನೂ ಕಚೇರಿಯಿಂದ ತೆರೆಸಿಕೊಟ್ಟರು; ತಿದ್ದಿದವರು ಯಾರು ಎಂಬಲ್ಲಿ ಆಕೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿ ಮೂಡಿಸಿದಳು.

ಕಾರ್ಯದರ್ಶಿಗಳು ಒದ್ದೆ ಕಾಲಿನಲ್ಲಿ ಬಂದಾಗ ಟ್ಯಾಬು ತೆರೆದಿತ್ತು. ಪುಟಾಣಿ ಬೀಗ ತನ್ನ ಜಾಗದಲ್ಲಿತ್ತು. ಅವರು ಎರಡು ಸಲ ಮುಚ್ಚಿ ತೆರೆದು ನೋಡಿದರು. ಆಮೇಲೆ ಹುಬ್ಬು ಗಂಟಿಕ್ಕಿ, ಹಾಗಾದರೆ ಇಷ್ಟು ಹೊತ್ತು ಕೆಡಿಸಿದ್ದು ಯಾರು ಎಂದು ಕೇಳಿದರು. ಪುಟ್ಟಬಸಮ್ಮನ ಮುಖದಿಂದ ನಗು ಇಳಿಯಿತು.

‘ನಾನೇ’ ಎಂದರು ಗುರುಪಾದಸ್ವಾಮಿ.

ಇಂಥ ಗಳಿಗೆಗಾಗಿ ನಾನು ಎಷ್ಟು ವರ್ಷ ಆ ಬಾಗಿಲ ಮುಂದೆ ಬಿಸಿಲಲ್ಲಿ ಬೆಂದಿದ್ದೆನೋ ದೇವರಿಗೇ ಗೊತ್ತು. ‘ನಾನು ಅಂದ್ರೆ ಯಾರು?’ ಎಂದೆ.

ಅವರು ನನ್ನನ್ನು ನೋಡಿದರು. ಮೊದಲ ಸಲ ಆ ಮುಖದಲ್ಲಿ ಸಿಕ್ಕಿಬಿದ್ದ ಹುಡುಗನ ನಾಚಿಕೆ ಕಂಡೆ. ಆಮೇಲೆ ಕೋಟಿನ ಗುಂಡಿ ಹಾಕಿಕೊಂಡು, ಯಾರ ಮುಂದೆಯೂ ನೇರ ನಿಲ್ಲದ ಮನುಷ್ಯ ಅಂದು ನೆಟ್ಟಗೆ ನಿಂತು ಹೇಳಿದರು: ‘ಯಳಂದೂರು ಗುರುಪಾದಸ್ವಾಮಿ. ಟ್ಯಾಬಿನ ಗಡಿಯಾರ ನೋಡದೆ ಚೀಟಿಗೆ ಮುದ್ರೆ ಒತ್ತುದೋನು.’

ಅದು ಸುಳ್ಳೂ ಅಲ್ಲ; ಟ್ಯಾಬುಗಳ ಗಡಿಯಾರಕ್ಕೆ ಮೊದಲೇ ಕಟ್ಟು ಮಾಡಬೇಕಾದವರು ಅವರೇ. ಆದರೆ ಹಿಂದಿನಿಂದ ಇನ್ನೊಂದು ದನಿ ಬಂತು. ‘ತಾರೀಕ ತಿರುಗ್ಸುದೋಳು ರಾಮಾಪುರದ ಪುಟ್ಟಬಸಮ್ಮ, ಸಾ.’

ಶಿವನಂಜಯ್ಯನವರಿಗೆ ಅಮಾವಾಸ್ಯೆಯ ಕತೆಯೆಲ್ಲ ಕೇಳುವ ತನಕ ಸಮಾಧಾನವಾಗಲಿಲ್ಲ. ಕೇಳಿದ ಮೇಲೆ, ಆ ಪಾಡ್ಯದ ಹುಳುವಿನಲ್ಲಿ ತನಗೂ ಒಂದು ಪಾಲು ಇಡಬೇಕೆಂದು ಗಟ್ಟಿಯಾಗಿ ಹೇಳಿದರು. ಕುಮಾರಸ್ವಾಮಿಯವರು ನಿರ್ಣಯದ ಪುಸ್ತಕ ತೆಗೆದರು. ರಾಮಾಪುರದ ಕೇಂದ್ರ ಮುಂದುವರಿಯುವುದು ಎಂದು ಬರೆದರು. ಯಾವಾಗಲೂ ಎರಡು ಸುತ್ತು ಗೀಚಿ ರುಜು ಮುಗಿಸುವವರು, ಅಂದು ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಬಿಡಿಸಿ ಬರೆದು, ಸಾಕಾ ಎಂದು ಗುರುಪಾದಸ್ವಾಮಿಯವರನ್ನು ಕೇಳಿದರು.

ಬಾಗಿಲಲ್ಲಿ ನಿಲ್ಲಿಸಿ ಹೆಸರು ಕೇಳುವ ಇಂಥವರು ಊರಿಗೊಬ್ಬರಾದರೂ ಇರುತ್ತಾರೆ. ಅವರನ್ನು ಸಂಶಯದ ಪ್ರಾಣಿಗಳೆಂದು, ಹೊತ್ತು ಕೊಲ್ಲುವವರೆಂದು ನಾವು ಬೈಯುತ್ತೇವೆ. ನಮ್ಮ ಅವಸರಕ್ಕೆ ಎಲ್ಲ ಬಾಗಿಲುಗಳೂ ತೆರೆದೇ ಇರಬೇಕು. ಆದರೆ ಗುಂಪಿನಲ್ಲಿ ಎಲ್ಲರೂ ‘ನಾನು’ ಎಂದು ನುಗ್ಗುವ ಈ ಕಾಲದಲ್ಲಿ, ನೀನು ಇಂಥವನೇ ತಾನೆ ಎಂದು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳುವ ತಾಳ್ಮೆ ಇರುವುದು ಅವರಿಗೆ ಮಾತ್ರ. ಅವರ ಹೊಸ್ತಿಲಲ್ಲಿ ಕಾದ ಹೊತ್ತಿಗೆಲ್ಲ ಒಳಗೆ ಹೋದ ಮೇಲೆ ಲೆಕ್ಕ ಸಿಗುತ್ತದೆ: ಅಲ್ಲಿ ಮಣೆಯೂ ನೀರೂ ಕಾಫಿಯೂ ನಮ್ಮ ಹೆಸರಿಗೇ ಕಾದಿರುತ್ತವೆ, ನಮ್ಮ ತಪ್ಪಿಗೆ ಅವರೇ ಮೊದಲು ಎದ್ದು ನಿಂತಿರುತ್ತಾರೆ. ನಾನೂ ಈಗ ಆ ಬಾಗಿಲಿಗೆ ಹೋದರೆ ಮೊದಲು ಇಂಜಿನ್ ಆರಿಸುತ್ತೇನೆ. ‘ಯಾರು?’ ಎಂದು ಕೇಳುವುದಕ್ಕೂ ಮುಂಚೆಯೇ, ಬೀದಿಗೆಲ್ಲ ಕೇಳುವ ಹಾಗೆ, ನನ್ನ ಹೆಸರನ್ನೂ ಊರನ್ನೂ ಹೇಳುತ್ತೇನೆ. ಹೇಳಿದ ಮೇಲೆ ಒಂದು ಗಳಿಗೆ, ಅದು ನಾನೇ ಹೌದೆಂಬ ಸಂತೋಷದಲ್ಲಿ, ಸುಮ್ಮನೆ ನಿಂತಿರುತ್ತೇನೆ.